ಹಳೇ ಚಂದಮಾಮಕ್ಕೆ ಟೇಪ್ ಅಂಟಿಸುವ ಮುಂಚೆ

ನಲವತ್ತು ದಾಟಿದವರಿಗೆ ಈಗೊಂದು ಹುಚ್ಚು ಹಿಡಿದಿದೆ. ಚಿಕ್ಕಂದಿನಲ್ಲಿ ಓದಿದ ಚಂದಮಾಮ, ಅಮರ ಚಿತ್ರಕಥೆ, ಅಂಗೈಯಗಲದ ಭಾರತ-ಭಾರತಿ ಪುಸ್ತಕಗಳನ್ನು ಹುಡುಕಿ ಕೂಡಿಡುವುದು. ಒಳ್ಳೆ ಹುಚ್ಚೇ. ಆದರೆ ತಂದ ಸಂಜೆಯೇ ಟೇಪು, ಸ್ಟೇಪ್ಲರ್ ಹಿಡಿದು ಕೂತು ಅದರ ಕಥೆ ಮುಗಿಸುವವರನ್ನು ಬೇಕಾದಷ್ಟು ನೋಡಿದ್ದೇನೆ.

ಹುಡುಕುವುದು ಸುಲಭ. ತುಮಕೂರಿನ ಗುಜರಿ ಅಂಗಡಿಗಳಲ್ಲಿ ಫೋನ್ ನಂಬರ್ ಕೊಟ್ಟು, ತೂಕದ ರೇಟಿಗಿಂತ ಜಾಸ್ತಿ ಕೊಡ್ತೀನಿ ಅಂತ ಹೇಳಿಡಿ. ಪರೀಕ್ಷೆ ಮುಗಿದ ಮೇಲೆ, ಆಯುಧಪೂಜೆಗೆ ಮನೆ ಗುಡಿಸುವಾಗ ಮೂಟೆಗಟ್ಟಲೆ ಬರುತ್ತವೆ. ಅಲ್ಲೂ ಸಿಗದಿದ್ದರೆ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಅವೆನ್ಯೂ ರೋಡಿಗೆ ಹೋಗಿ. ಆನ್‌ಲೈನ್‌ನಲ್ಲಿ 'ಅಪರೂಪ' ಅಂತ ಬರೆದು ಸಿಕ್ಕಾಪಟ್ಟೆ ಕೇಳುವವರಿಗೆ ಮರುಳಾಗಬೇಡಿ. ಭಾರತ-ಭಾರತಿಯಲ್ಲಿ 510 ಪುಸ್ತಕಗಳಿವೆ, ಮರುಮುದ್ರಣವೂ ಆಗಿವೆ. ಹಾಗೆಯೇ, 1965ರಲ್ಲಿ ಕನ್ನಡದಲ್ಲಿ ಬಂದ ಅಮರ ಚಿತ್ರಕಥೆಯ ಮೊದಲ 10 ಪುಸ್ತಕಗಳು ಪುರಾಣದವಲ್ಲ, ಹೊರದೇಶದ ಮಕ್ಕಳ ಕಥೆಗಳು. ಕಣ್ಣಿಗೆ ಬಿದ್ದರೆ ಇದು ಅದಲ್ಲ ಅಂತ ಬಿಟ್ಟು ಬರಬೇಡಿ.

ದುಡ್ಡು ಕೊಡುವ ಮುಂಚೆ ನಟ್ಟನಡುವಿನ ಹಾಳೆ ನೋಡಿ. ಪಿನ್ನಿನ ಹತ್ತಿರ ಹರಿದು ಮೊದಲು ಉದುರುವುದೇ ಅದು. ಮಡಚಿದ ಒಂದು ಹಾಳೆ ಅಂದರೆ ನಾಲ್ಕು ಪುಟ, ಅದು ಹೋದರೆ ಕಥೆಯ ತಿರುವೇ ಹೋದಂತೆ.

ಈಗ ಕಷ್ಟದ ಕೆಲಸ, ತುಕ್ಕು ಹಿಡಿದ ಪಿನ್ನು. ಪಿನ್ ತೆಗೆಯುವ ಹಲ್ಲಿನ ಸಾಧನ ಮುಟ್ಟಲೇಬೇಡಿ, ಪಿನ್ನಿನ ಜೊತೆ ಹಾಳೆಯನ್ನೂ ಕಿತ್ತು ತರುತ್ತದೆ. ಪುಸ್ತಕವನ್ನು ನಡುಪುಟಕ್ಕೆ ತೆರೆದು, ಪಿನ್ನಿನ ಕಾಲಿನ ಕೆಳಗೆ ದಪ್ಪ ಕಾಗದದ ಚೂರು ತೂರಿಸಿ. ಮೊಂಡು ಚಾಕುವಿನಿಂದ ಒಂದೊಂದೇ ಕಾಲನ್ನು ಎಬ್ಬಿಸಿ ನೆಟ್ಟಗೆ ನಿಲ್ಲಿಸಿ, ಆಮೇಲೆ ಪುಸ್ತಕ ತಿರುವಿ ಬೆನ್ನಿನ ಕಡೆಯಿಂದ ಮೆಲ್ಲಗೆ ಎತ್ತಿ. ಅಂಟಿಕೊಂಡಿದ್ದರೆ ನೀರು, ಎಣ್ಣೆ ಹಾಕಬೇಡಿ. ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿ, ತುಕ್ಕಿನ ಪುಡಿಯನ್ನು ಒಣ ಬ್ರಶ್ಶಿನಿಂದ ಗುಡಿಸಿ.

ಹೊಸ ಪಿನ್ನು ಬೇಡ, ಹೊಲಿಯಿರಿ. ದಾರ ಹತ್ತಿಯದೇ ಆಗಬೇಕು, ನೈಲಾನ್ ಕಾಗದವನ್ನು ಕೊಯ್ಯುತ್ತದೆ. ಹಳೇ ತೂತಿನಲ್ಲೇ ಸೂಜಿ ಹಾಕಿ: ಒಳಗಿನಿಂದ ಮೇಲಿನ ತೂತಿಗೆ, ಬೆನ್ನಿನ ಮೇಲೆ ಕೆಳಗಿಳಿದು, ಕೆಳಗಿನ ತೂತಿನಿಂದ ಮತ್ತೆ ಒಳಗೆ. ಎರಡೂ ತುದಿ ಒಳಗೆ ಸೇರಿದ ಮೇಲೆ ಗಂಟು. ದಾರವನ್ನು ಮಡಿಕೆಯ ಉದ್ದಕ್ಕೆ ಎಳೆಯಿರಿ, ನಿಮ್ಮ ಕಡೆಗೆ ಎಳೆದರೆ ತೂತು ಹರಿದು ಸೀಳಾಗುತ್ತದೆ.

ಹರಿದ ಪುಟಕ್ಕೆ ಟೇಪ್ ಹಾಕಿದರೆ ಕೆಲವೇ ವರ್ಷಕ್ಕೆ ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಟೇಪ್ ಉದುರಿದರೂ ಕಲೆ ಹೋಗುವುದಿಲ್ಲ. ಬಿಳಿ ಅಂಟು ಒಣಗಿ ಗಟ್ಟಿಯಾಗುತ್ತದೆ. ಮೈದಾ ಅಂಟೇ ಸರಿ. ಒಂದು ಚಮಚ ಮೈದಾಕ್ಕೆ ಐದು ಚಮಚ ನೀರು, ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ತಿರುವಿ, ಆರಿಸಿ, ಸೋಸಿ. ಬೈಂಡರ್‌ಗಳು ಹುಳ ಬರದಿರಲಿ ಅಂತ ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಮಕ್ಕಳು ಮುಟ್ಟುವ ಪುಸ್ತಕಕ್ಕೆ ಬೇಡವೇ ಬೇಡ. ತೆಳು ಜಪಾನಿ ಟಿಶ್ಯೂ (ಪುಸ್ತಕ ರಿಪೇರಿಗೆ ಬಳಸುವ ಉದ್ದ ಎಳೆಯ ಕಾಗದ) ಕತ್ತರಿಸದೆ ಕೈಯಲ್ಲಿ ಹರಿಯಿರಿ. ಅಂಚಿನ ಎಳೆಗಳೇ ಕಾಗದಕ್ಕೆ ಹಿಡಿದುಕೊಳ್ಳುವುದು. ಅಂಟನ್ನು ಟಿಶ್ಯೂಗೆ ಸವರಿ, ಪುಟಕ್ಕಲ್ಲ. ಮೇಲೆ ಕೆಳಗೆ ಬೆಣ್ಣೆ ಕಾಗದ ಇಟ್ಟು, ದಪ್ಪ ನಿಘಂಟು ಹೇರಿ ಬೆಳಗಿನವರೆಗೆ ಬಿಡಿ.

ಹನ್ನೆರಡು ಸಂಚಿಕೆ ಸೇರಿಸಿ ಬೈಂಡ್ ಮಾಡಿಸುವವರಿಗೆ ಒಂದು ಮಾತು. ಮೂರು ಕಡೆ ಕಟಿಂಗ್ ಬೇಡ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಚಿತ್ರದ ಆನೆಗೆ ಸೊಂಡಿಲೇ ಇರುವುದಿಲ್ಲ. ನನ್ನನ್ನು ಕೇಳಿದರೆ ಬೈಂಡೇ ಬೇಡ. ಲ್ಯಾಮಿನೇಷನ್ ಅಂತೂ ಸುಮ್ನೆ ದಂಡ.

ಕಪಾಟಿನಲ್ಲಿ ನುಸಿಗುಳಿಗೆಯ ಬದಲು ಬಜೆ ಬೇರು ಇಡಿ. ಬಿಸಿಲಿಗೆ ಹರಡಬೇಡಿ, ಬಣ್ಣ ಹೋಗುತ್ತದೆ. ಹುಳ ಕಂಡರೆ ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ, ಒಂದು ವಾರ ಫ್ರೀಜರಿನಲ್ಲಿಡಿ. ಹೊರತೆಗೆದ ತಕ್ಷಣ ಬಿಚ್ಚಬೇಡಿ, ಹಾಳೆಯ ಮೇಲೆ ನೀರು ಕೂರುತ್ತದೆ. ಒಂದು ದಿನ ಕವರಿನಲ್ಲೇ ಇರಲಿ.