ಆಲೆಮನೆಯ ಕರಿ ಬೆಕ್ಕು ನಮ್ಮ ಮನೆಗೆ ಬಂದದ್ದು

ಬೆಕ್ಕು ಸಾಕಬೇಕು ಅನ್ನೋ ಆಸೆ ತುಂಬಾ ದಿನದಿಂದ ಇತ್ತು. ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವುದು ಮಾತ್ರ ಬೇಡವಾಗಿತ್ತು. ಬೀದಿಯಲ್ಲಿ ಸಿಕ್ಕಿದ ಬೆಕ್ಕುಗಳನ್ನು ಸಾಕಿ, ಆಸೆಪಟ್ಟವರಿಗೆ ಕೊಡುವ ಕ್ಯಾಟ್ ಕೆಫೆಯೊಂದು ಇಲ್ಲೇ ಮೈಸೂರಿನಲ್ಲಿದೆ ಎಂದು ಗೆಳತಿ ಹೇಳಿದಳು. ಒಂದು ಶನಿವಾರ ಮಧ್ಯಾಹ್ನ ಹೋದೆ.

ಬೆಕ್ಕುಗಳ ಜೊತೆ ಸ್ವಲ್ಪ ಹೊತ್ತು ಕಳೆದು ಬರುವ ಕೆಫೆ ಮೊದಲು ಶುರುವಾದದ್ದು ತೈವಾನಿನ ತೈಪೆಯಲ್ಲಿ, 1998ರಲ್ಲಿ. ಆಮೇಲೆ ಜಪಾನಿನಲ್ಲಿ ಹಬ್ಬಿತು. ಅಲ್ಲಿ ಎಷ್ಟೋ ಕಡೆ ಬೆಕ್ಕುಗಳು ಕೆಫೆಯವೇ, ಆಟವಾಡಿಸಿ ಬರಬಹುದು ಅಷ್ಟೇ. ನಾನು ಹೋದ ಕಡೆ ಹಾಗಲ್ಲ. ಅಲ್ಲಿರುವ ಪ್ರತಿ ಬೆಕ್ಕೂ ಒಂದು ಮನೆಗೆ ಕಾಯುತ್ತಿರುತ್ತದೆ.

ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಒಳಗೆ ಹೋದೆ. ಕಾಫಿ ಬೇರೆ ಕೋಣೆಯಲ್ಲಿ, ಬೆಕ್ಕುಗಳು ಬೇರೆ ಕೋಣೆಯಲ್ಲಿ. ಹೋದವಳೇ ಒಂದು ಮರಿಯನ್ನು ಎತ್ತಿಕೊಳ್ಳಲು ಬಗ್ಗಿದೆ. "ಅಕ್ಕಾ, ನೀವಾಗಿ ಎತ್ಕೋಬೇಡಿ. ಸುಮ್ನೆ ನೆಲದ ಮೇಲೆ ಕೂತ್ಕೊಳ್ಳಿ, ಅವೇ ಬರ್ತವೆ" ಎಂದಳು ಅಲ್ಲಿ ನೋಡಿಕೊಳ್ಳುವ ಹುಡುಗಿ. ಕೂತೆ. ಮರಿಗಳು ಬಂದು ದುಪಟ್ಟಾ ಎಳೆದವು. ಆದರೆ ನನ್ನ ಕಣ್ಣು ಹೋದದ್ದು ಕಿಟಕಿ ಕಟ್ಟೆಯ ಮೇಲಿದ್ದ ಕರಿ ಬೆಕ್ಕಿನ ಕಡೆಗೆ. ಒಂದು ವರ್ಷದ ಹೆಣ್ಣು. ಅದು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅದು ಪಾಂಡವಪುರದ ಕಡೆಯ ಆಲೆಮನೆಯೊಂದರಿಂದ ಬಂದದ್ದಂತೆ. ಆಲೆಮನೆಯಲ್ಲಿ ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯನ್ನು ಒಣಗಿಸಿ, ಬೆಲ್ಲ ಕಾಯಿಸುವ ಒಲೆಗೆ ಅದನ್ನೇ ಹಾಕುತ್ತಾರೆ. ಆ ಸಿಪ್ಪೆ ರಾಶಿಯೊಳಗೆ ಬೆಕ್ಕು ಮರಿ ಹಾಕಿತ್ತು. ಉರಿಗೆ ಹಾಕಲು ಸಿಪ್ಪೆ ಎಳೆಯುತ್ತಿದ್ದ ಆಳಿನ ಕೈಗೆ ಈ ಮರಿ ಸಿಕ್ಕಿತಂತೆ. ಕೇಳಿ ಮೈ ಜುಮ್ಮೆಂದಿತು. ಕೆಫೆಗೆ ಬಂದು ಎಂಟು ತಿಂಗಳಾದರೂ ಯಾರೂ ಕರೆದುಕೊಂಡು ಹೋಗಿರಲಿಲ್ಲ. ಬಣ್ಣ ನೋಡಿಯೇ ಬೇಡ ಎನ್ನುತ್ತಾರಂತೆ.

ಮುಂದಿನ ವಾರ ಮತ್ತೆ ಹೋದೆ. ಮಾತಾಡದೆ ಎರಡು ಮಾರು ದೂರದಲ್ಲಿ ಕೂತೆ. ಬೆಕ್ಕನ್ನು ದಿಟ್ಟಿಸಿ ನೋಡಬಾರದು, ಅದಕ್ಕೆ ಹೆದರಿಕೆ. ಕಣ್ಣನ್ನು ನಿಧಾನವಾಗಿ ಮುಚ್ಚಿ ತೆಗೆದರೆ ಅದಕ್ಕೆ ಸಮಾಧಾನ. ಹಾಗೇ ಮಾಡುತ್ತಾ ಕೂತೆ. ಮೂರನೆಯ ಸಲ ಹೋದಾಗ ಅದೂ ಕಣ್ಣು ಸಣ್ಣದು ಮಾಡಿ, ಮೆಲ್ಲಗೆ ಮುಚ್ಚಿ, ತೆರೆಯಿತು. ಆಮೇಲೆ ಇಳಿದು ಬಂದು ನನ್ನ ಮೊಣಕಾಲಿಗೆ ಹಣೆ ಒತ್ತಿತು. ಮನೆಗೆ ಬಂದು ಅಮ್ಮನ ಹತ್ತಿರ ಮಾತಾಡಿದೆ.

ಅಮ್ಮನಿಗೂ ಬಣ್ಣದ್ದೇ ಅಳುಕು. "ಅಡ್ಡ ಬಂದ್ರೆ ಏನೇ ಮಾಡೋದು?" ಎಂದರು. ವಾದ ಮಾಡದೆ ನಾಲ್ಕನೆಯ ಸಲ ಅವರನ್ನೇ ಕರೆದುಕೊಂಡು ಹೋದೆ. ಅರ್ಧ ಗಂಟೆ ಕೂತರು. ಹೊರಡುವಾಗ "ಇದಕ್ಕೆ ಮೀನು ಇಷ್ಟಾನಾ?" ಅಂತ ಕೇಳಿದರು.

ಬೆಕ್ಕು ಕೊಡುವ ಮುಂಚೆ ಕೆಫೆಯವರು ತುಂಬಾ ಪ್ರಶ್ನೆ ಕೇಳಿದರು. ಬಾಡಿಗೆ ಮನೆಯಾ, ಮಾಲೀಕರು ಒಪ್ಪಿದ್ದಾರಾ, ಊರಿಗೆ ಹೋದರೆ ನೋಡಿಕೊಳ್ಳೋರು ಯಾರು, ಬಾಲ್ಕನಿಗೆ ಜಾಲರಿ ಇದೆಯಾ. ಮೂರನೇ ಮಹಡಿಯಿಂದ ಬಿದ್ದರೆ ಬೆಕ್ಕಿಗೂ ಮೂಳೆ ಮುರಿಯುತ್ತದೆ ಅಲ್ವಾ? ಜಾಲರಿ ಹಾಕಿಸಿ ಫೋಟೋ ಕಳಿಸಿದ ಮೇಲೆಯೇ ಕೊಟ್ಟರು. ನನಗೆ ಅದು ಸರಿ ಅನ್ನಿಸಿತು. ರೇಬೀಸ್ ಲಸಿಕೆ, ಮಕ್ಕಳಾಗದ ಆಪರೇಷನ್ ಎರಡೂ ಆಗಿತ್ತು. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು, ಹಾಗಾಗಿ ಆಪರೇಷನ್ ತಡ ಮಾಡಬಾರದು.

ಬಂದ ದಿನವೇ ಮಂಚದ ಕೆಳಗೆ ಸೇರಿಕೊಂಡಿತು. ಮೂರು ದಿನ ಹೊರಗೆ ಬರಲಿಲ್ಲ. ನಾವು ಎಳೆಯಲಿಲ್ಲ. ಊಟ, ನೀರು, ಮರಳಿನ ಟ್ರೇ ಅದೇ ಕೋಣೆಯಲ್ಲಿ ಇಟ್ಟೆವು. ಅಮ್ಮ ಹಾಲು ತಂದಿಟ್ಟರು, ನಾನು ತೆಗೆದೆ. ದೊಡ್ಡ ಬೆಕ್ಕುಗಳಲ್ಲಿ ಜಾಸ್ತಿ ಬೆಕ್ಕುಗಳಿಗೆ ಹಸುವಿನ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ.

ನಾಲ್ಕನೆಯ ರಾತ್ರಿ ಅಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಬಾಗಿಲ ಹತ್ತಿರ ಎರಡು ಹಳದಿ ಕಣ್ಣು ಕಂಡವು. ಅಮ್ಮ ತಲೆ ಎತ್ತಲಿಲ್ಲ. ಒಂದು ಕಾಳನ್ನು ನೆಲದ ಮೇಲೆ ಉರುಳಿಸಿದರು. ಅದು ಓಡಿ ಬಂದು ಕಾಳನ್ನು ಅಮ್ಮನ ಸೀರೆಯ ನೆರಿಗೆಯೊಳಗೆ ತಳ್ಳಿ, ಅಲ್ಲೇ ಮಲಗಿತು.