ಕಾಗೆಕಾಲಿನ ಲೆಕ್ಕ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲದಲ್ಲಿ ಎಂಜಿನ್ ರಿಪೇರಿ ಮಾಡುವ ನನಗೆ ಆ 61 ದಿನಗಳೇ ಸುಗ್ಗಿ. ಮೇಲೆ ಮಳೆ ಹುಯ್ಯುತ್ತಿದ್ದರೆ ನಾನು ದೋಣಿಯ ಹೊಟ್ಟೆಯೊಳಗೆ, ಕೆನ್ನೆಯನ್ನು ಎಂಜಿನ್ನಿಗೆ ಆನಿಸಿಕೊಂಡು ಮಲಗಿರುತ್ತೇನೆ.

ನನ್ನನ್ನು ಹೆಚ್ಚು ಕಾಡಿದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ, ಅಂದರೆ ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಕೊಳವೆಯ, ಹಿಂಬದಿಯ ಬೋಲ್ಟುಗಳು. ಎಂಜಿನ್ನಿಗೂ ಹಲಗೆಯ ಗೋಡೆಗೂ ನಡುವೆ ಇರುವುದು ನಾಲ್ಕು ಬೆರಳಿನಷ್ಟು ಜಾಗ. ಅಲ್ಲಿಗೆ ಸಾಕೆಟ್ ಹೋಗುವುದಿಲ್ಲ. ಟಾರ್ಕ್ ರೆಂಚೆಂದರೆ ನಾವು ಕೊಟ್ಟ ಅಂಕಿಯಷ್ಟು ಬಿಗಿಯಾದಾಗ ಟಿಕ್ ಎನ್ನುವ ಪಾನಾ. ಅದರ ತುದಿಗೆ ಕ್ರೋಫುಟ್ ಸಿಕ್ಕಿಸಬೇಕು. ಒಂದು ಬದಿ ತೆರೆದ ಪುಟ್ಟ ಪಾನಾ ಈ ಕ್ರೋಫುಟ್. ನಮ್ಮ ಹುಡುಗರ ಬಾಯಲ್ಲಿ ಕಾಗೆಕಾಲು.

ಎರಡು ವರ್ಷದ ಹಿಂದೆ ಕೈಪಿಡಿಯಲ್ಲಿ 55 ನ್ಯೂಟನ್ ಮೀಟರ್ (ತಿರುಚುವ ಬಲದ ಅಳತೆ) ಎಂದಿದ್ದುದನ್ನು ನೋಡಿ ರೆಂಚಿಗೂ 55 ಕೊಟ್ಟು ಎಳೆದೆ. ತುಕ್ಕು ಹಿಡಿಯದಿರಲಿ ಎಂದು ಹಳೆಯ ಬೋಲ್ಟುಗಳಿಗೇ ಧಾರಾಳವಾಗಿ ಎಣ್ಣೆ ಬೇರೆ ಸವರಿದ್ದೆ. ರೆಂಚು ಟಿಕ್ ಎನ್ನುವ ಮೊದಲೇ ಬೋಲ್ಟು ಟಪ್ ಎಂದಿತು. ಒಳಗೆ ಉಳಿದ ತುಂಡನ್ನು ತೆಗೆಯಲು ಇಡೀ ದಿನ ಹಿಡಿಯಿತು. ದೋಣಿ ನಡೆಸುವ ತಾಂಡೇಲರು ಬೈಯಲಿಲ್ಲ, ಏಣಿಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಆ ರಾತ್ರಿ ಕಾಗದ ಹಿಡಿದು ಕೂತೆ. ನನ್ನ ರೆಂಚಿನಲ್ಲಿ, ಕಾಗೆಕಾಲು ಸಿಕ್ಕಿಸುವ ತುದಿಯ ಚೌಕದಿಂದ ಹಿಡಿಯ ನಡುವಿನವರೆಗೆ 400 ಮಿಲಿಮೀಟರ್. ನೇರಕ್ಕೆ ಸಿಕ್ಕಿಸಿದ ಕಾಗೆಕಾಲು ಅದಕ್ಕೆ 40 ಸೇರಿಸುತ್ತದೆ. ಸನ್ನೆಗೋಲು ಉದ್ದವಾದಷ್ಟೂ ಬೋಲ್ಟಿಗೆ ಬೀಳುವ ತಿರುಚು ಹೆಚ್ಚು. ಆದರೆ ರೆಂಚಿಗೆ ತನ್ನ ಉದ್ದದ ಲೆಕ್ಕ ಮಾತ್ರ ಗೊತ್ತು. ಹಾಗಾಗಿ 55ನ್ನು 400ರಿಂದ ಗುಣಿಸಿ 440ರಿಂದ ಭಾಗಿಸಬೇಕು: 50. ನಾನು 55 ಕೊಟ್ಟಿದ್ದರಿಂದ ಬೋಲ್ಟಿನ ಪಾಲಿಗೆ ಅದು 60.5ರ ದಾರಿಯಾಗಿತ್ತು. ಅಷ್ಟಕ್ಕೇ ಮುರಿಯಬೇಕಾಗಿರಲಿಲ್ಲ, ನಿಜ. ಆದರೆ ನಾವು ಹಾಕುವ ಬಲದ ಹೆಚ್ಚಿನ ಭಾಗ ಬೋಲ್ಟಿನ ತಲೆಯ ಅಡಿಯ ಮತ್ತು ಎಳೆಗಳ (ಸುರುಳಿ ಗೀರುಗಳ) ಘರ್ಷಣೆಗೇ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸಿ ಬಿಗಿ ಕೊಡುವುದು ಸುಮಾರು ಹತ್ತನೇ ಒಂದು ಪಾಲು. ಎಣ್ಣೆ ಸವರಿದರೆ ಘರ್ಷಣೆ ಇಳಿದು ಆ ಪಾಲು ಏರುತ್ತದೆ. ಒಣ ಎಳೆಗೆ ಹೇಳಿದ ಅಂಕಿಯನ್ನು ಎಣ್ಣೆ ಹಚ್ಚಿದ, ಉಪ್ಪುಗಾಳಿಗೆ ಕುತ್ತಿಗೆ ಸವೆದ ಬೋಲ್ಟಿನ ಮೇಲೆ ಹೇರಿದ್ದೆ.

ಲೆಕ್ಕ ಬೇಡವೆನಿಸಿದರೆ ಕಾಗೆಕಾಲನ್ನು ರೆಂಚಿಗೆ ಲಂಬಕೋನದಲ್ಲಿ ಸಿಕ್ಕಿಸಿದರಾಯಿತು. ಆಗ ಉದ್ದ ಹೆಚ್ಚುಕಡಿಮೆ ಬದಲಾಗುವುದಿಲ್ಲ, 55 ಎಂದರೆ 55. ಜಾಗ ಸಿಕ್ಕಾಗಲೆಲ್ಲ ನಾನು ಮಾಡುವುದು ಇದನ್ನೇ. ಹಿಡಿಯ ಕಡೆಗೆ ಮಡಚಿ ಸಿಕ್ಕಿಸಬೇಕಾಗಿ ಬಂದರೆ ಲೆಕ್ಕ ತಿರುಗಾಮುರುಗಾ. ರೆಂಚಿಗೆ 61 ಕೊಡಬೇಕು. ಹೇಗೇ ಇರಲಿ, ಕೈ ಹಿಡಿಯ ನಡುವಿನಲ್ಲೇ ಇರಬೇಕು. ಕೈ ಸರಿದರೆ 400 ಎಂಬ ಅಂಕಿಯೇ ಸುಳ್ಳಾಗುತ್ತದೆ.

ಕಳೆದ ಜುಲೈನಲ್ಲಿ ಅದೇ ದೋಣಿ ಮತ್ತೆ ಬಂತು. ಈ ಸಲ ಹೊಸ ಬೋಲ್ಟು. ತೂತುಗಳ ಎಳೆಗಳನ್ನು ಸ್ವಚ್ಛ ಮಾಡಿ ಗಾಳಿ ಊದಿ ಒಣಗಿಸಿದೆ. ತಳವಿರುವ ತೂತಿನಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಅದು ಹೊರಬರಲಾಗದೆ ಎಂಜಿನ್ನಿನ ಎರಕದ ಮೈಯನ್ನೇ ಸೀಳಬಹುದು. ನನ್ನ ಹುಡುಗನ ಕೈ ಸಪೂರ. ಮೊಬೈಲಿನ ಕ್ಯಾಮೆರಾದಲ್ಲಿ ನೋಡುತ್ತ ಮೊದಲ ಸುತ್ತುಗಳನ್ನು ಅವನು ಬೆರಳಿನಲ್ಲೇ ಹಾಕಿದ. ಆಮೇಲೆ ನಡುವಿನ ಬೋಲ್ಟಿನಿಂದ ಹೊರಗಿನವುಗಳ ಕಡೆಗೆ, ಮೂರು ಹಂತದಲ್ಲಿ ಬಿಗಿದೆವು. ಒಂದು ಬೋಲ್ಟಿನಲ್ಲಿ ಅರ್ಧಕ್ಕೆ ಕೈ ನಿಂತಿತು. ನಿಂತಲ್ಲಿಂದ ಮತ್ತೆ ಎಳೆದರೆ ಬೋಲ್ಟು ಅಲುಗದೆಯೇ ರೆಂಚು ಟಿಕ್ ಎನ್ನಬಹುದು, ಅದನ್ನು ನಂಬಬಾರದು. ಕಾಲು ಸುತ್ತು ಸಡಿಲಿಸಿ, ಒಂದೇ ಎಳೆತಕ್ಕೆ, ನಿಧಾನವಾಗಿ ಮತ್ತೆ ಬಿಗಿದೆ.

ಕೊನೆಯ ಬೋಲ್ಟಿಗೆ ಲಂಬಕೋನ ಸಿಗಲಿಲ್ಲ. “ಅಣ್ಣ, ಇದಕ್ಕೆ ಎಷ್ಟು?” ಎಂದ ಹುಡುಗ. ನಾನು ಹೇಳಲಿಲ್ಲ. ಅವನು ಒದ್ದೆ ಹಲಗೆಯ ಮೇಲೆ ಚಾಕಿನಿಂದ ಗುಣಿಸಿ, ಭಾಗಿಸಿ, ರೆಂಚನ್ನು 50ಕ್ಕೆ ತಿರುಗಿಸಿ ನನ್ನ ಕೈಗೆ ಕೊಟ್ಟ.