ಶಿರಸಿಯಲ್ಲಿ ಸರಿ ಇದ್ದ ಅಜ್ಜನ ರೇಡಿಯೋ, ಕಾರವಾರದ ಮಳೆಯಲ್ಲಿ ಹರಕು ದನಿ

ಬೆಳಿಗ್ಗೆ ಆರೂವರೆಗೆ ಹಚ್ಚಿದ್ರೆ ದನಿ ಹರಕು, ಏಳು ದಾಟೋವಾಗ ಸ್ವಚ್ಛ. ಜೂನ್ ತಿಂಗಳಿಡೀ ನಮ್ಮನೆ ವಾಲ್ವ್ (ಟ್ರಾನ್ಸಿಸ್ಟರಿಗೆ ಮುಂಚಿನ, ಬಿಸಿಯಾಗಿ ಕೆಲಸ ಮಾಡೋ ಗಾಜಿನ ಬುರುಡೆ) ರೇಡಿಯೋದ್ದು ಇದೇ ಹಾಡು. ಇದರ ಮೂಲ ಹುಡುಕೋಕೆ ನಂಗೆ ಆರು ವಾರ ಹಿಡೀತು, ಹಾಗಾಗಿ ಹೆಂಗೆ ಹುಡುಕಿದೆ, ಎಲ್ಲಿ ದಾರಿ ತಪ್ಪಿದೆ ಎಲ್ಲಾ ಬರೆದಿಡ್ತಿದ್ದೇನೆ, ಕರಾವಳಿಯಲ್ಲಿ ಹಳೇ ಸೆಟ್ಟು ಇಟ್ಟುಕೊಂಡವರಿಗೆ ಉಪಯೋಗ ಆಗ್ಬಹುದು.

ಸೆಟ್ಟು ಅಜ್ಜಂದು, ಅರವತ್ತರ ದಶಕದ್ದು. ಶಿರಸಿ ಹತ್ರದ ಅಜ್ಜನಮನೆ ಅಟ್ಟದ ಮೇಲೆ, ಅಡಿಗೆಮನೆ ಹೊಗೆ ಕುಡ್ಕೊಂಡು ಮೂವತ್ತು ವರ್ಷ ಕೂತಿತ್ತು. ಧಾರವಾಡ ಆಕಾಶವಾಣಿ ಕೇಳೋಕೆ ಹೇಳಿ ತಂದದ್ದಂತೆ, ಆಗ ಪೋಸ್ಟಾಫೀಸಿನಲ್ಲಿ ವರ್ಷಾ ವರ್ಷಾ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸ್ಬೇಕಿತ್ತು, ಆ ಪುಸ್ತಕನೂ ರೇಡಿಯೋ ಹಿಂದೆನೇ ಸಿಕ್ತು. ಐದು ವಾಲ್ವಿನ ಎ.ಸಿ. ಸೆಟ್ಟು: ಇಸಿಎಚ್81, ಇಎಫ್89 (ಸ್ಟೇಷನ್ ಹಿಡಿಯೋಕೆ), ಇಬಿಸಿ81 (ದನಿ ಬೇರ್ಪಡಿಸಿ ಸ್ವಲ್ಪ ದೊಡ್ಡದು ಮಾಡೋಕೆ), ಇಎಲ್84 (ಸ್ಪೀಕರ್ ಓಡಿಸೋಕೆ), ಇಜೆಡ್80 (ಎ.ಸಿ.ಯನ್ನ ಡಿ.ಸಿ. ಮಾಡೋಕೆ). ಆ ಕಾಲದ ಸೆಟ್ಟು ಬಿಚ್ಚಿದವರಿಗೆ ಇದು ಬಾಯಿಪಾಠ ಇರೋ ಸಾಲು.

ಹೋದ ಚಳಿಗಾಲ ಊರಲ್ಲೇ ಕೂತು ರಿಪೇರಿ ಮಾಡಿದ್ದೆ. ಮೊದಲು 60 ವಾಟಿನ ಬಲ್ಬು ಸೀರೀಸ್ ಹಾಕಿ ಕರೆಂಟ್ ಕೊಟ್ಟೆ. ಮೇಣದ ಪೇಪರ್ ಕಂಡೆನ್ಸರುಗಳನ್ನೆಲ್ಲಾ (ಡಿ.ಸಿ. ತಡೆದು ಎ.ಸಿ. ಮಾತ್ರ ಬಿಡೋ ಬಿಡಿಭಾಗ) ಕಿತ್ತು ಹೊಸ ಫಿಲ್ಮ್ ಕಂಡೆನ್ಸರ್ ಹಾಕಿದೆ, ಎಚ್.ಟಿ. (ವಾಲ್ವುಗಳಿಗೆ ಕೊಡೋ ಇನ್ನೂರು ಚಿಲ್ಲರೆ ವೋಲ್ಟಿನ ಡಿ.ಸಿ.) ಫಿಲ್ಟರಿಗೆ 47 ಮೈಕ್ರೋಫ್ಯಾರಡ್ 450 ವೋಲ್ಟಿಂದು ಎರಡು. (ಹೆಚ್ಚು ಹಾಕಿದಷ್ಟು ಒಳ್ಳೇದು ಹೇಳಿ 100 ಹಾಕ್ಬೇಡಿ, ಇಜೆಡ್80 ತಡೆಯೋದು ಮೊದಲನೇ ಕಂಡೆನ್ಸರ್ 50ರವರೆಗೆ ಮಾತ್ರ.) ಇಬಿಸಿ81ರ ಆನೋಡಿನ (ವಾಲ್ವಿಂದ ಸಿಗ್ನಲ್ ಹೊರಬರೋ ತಗಡು) 220 ಕೆ (ಸಾವಿರ ಓಮ್) ರೆಸಿಸ್ಟೆನ್ಸು ಅಳೆದ್ರೆ 410 ಕೆ ತೋರಿಸ್ತು, ಅದನ್ನೂ ಬದಲಿಸಿದೆ. ಮಾರ್ಚಿನಲ್ಲಿ ಧಾರವಾಡ 765 ಕಿಲೋಹರ್ಟ್ಸಿನ ಮೇಲೆ ಚಂದ ಹಾಡ್ತು. ಅಮ್ಮನ ಕಣ್ಣಲ್ಲಿ ನೀರು ಬಂತು. ಮೇ ಕೊನೆಗೆ ಅಮ್ಮನ್ನೂ ರೇಡಿಯೋನೂ ಕಾರವಾರಕ್ಕೆ, ಕೋಡಿಬಾಗದ ನಮ್ಮನೆಗೆ ಕರ್ಕೊಂಡು ಬಂದೆ.

ಮಳೆ ಹಿಡಿದು ನಾಕು ದಿನಕ್ಕೆ ದನಿ ಕೆಡ್ತು. ಮಾತಾಡೋರಿಗೆ ಗಂಟಲು ಕಟ್ಟಿದ ಹಾಗೆ, ಜೋರು ಪದ ಬಂದಲ್ಲೆಲ್ಲ ಬರ್ ಬರ್ ಹೇಳಿ ಒಡೆಯೋದು. ಅಮ್ಮ ಕೇಳಿದ್ಲು, "ಎಂತ ಆತು ತಮಾ ಇದಕ್ಕೆ, ನೆಗಡಿ ಆದವರ ಹಾಂಗೆ ಮಾತಾಡ್ತಲ?"

ಸ್ಪೀಕರ್ ಮೇಲೆ ಮೊದಲ ಅನುಮಾನ. ಉಪ್ಪುಗಾಳಿಗೆ ಮ್ಯಾಗ್ನೆಟ್ಟಿನ ಸಂದಿಯಲ್ಲಿ ತುಕ್ಕು ಹಿಡಿದು ಕಾಯ್ಲ್ ಉಜ್ಜೋದು ಇಲ್ಲಿ ಆಗ್ತದೆ. ಎರಡು ಹೆಬ್ಬೆರಳಿಂದ ಕಾಗದದ ಕೋನ್ ಸಮನಾಗಿ ಒತ್ತಿ ಬಿಟ್ಟು ಕಿವಿ ಕೊಟ್ಟೆ, ಉಜ್ಜೋ ಸಪ್ಪಳ ಇಲ್ಲ. ಆದ್ರೂ ಸೆಟ್ಟು ಆಫ್ ಮಾಡಿ ಬೇರೆ ಸ್ಪೀಕರ್ ಕಟ್ಟಿ ನೋಡ್ದೆ, ಮರುದಿನ ಬೆಳಿಗ್ಗೆ ಅದೇ ಹರಕು. ಸ್ಪೀಕರ್ ಬಿಚ್ಚಿಟ್ಟು ಮಾತ್ರ ಸೆಟ್ಟು ಹಚ್ಚಬೇಡಿ, ಲೋಡ್ ಇಲ್ಲದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗ್ಬಹುದು, ಅದು ಹೋದ್ರೆ ಮತ್ತೆ ಸುತ್ತಿಸೋದೇ ದೊಡ್ಡ ಕೆಲಸ.

ಮುಂದಿನದು ತೊಂದರೆ ವಾಲ್ಯೂಮ್ ಕಂಟ್ರೋಲಿನ ಆಚೆಯೋ ಈಚೆಯೋ ಹೇಳಿ ನೋಡೋದು. ಹಿಂದುಗಡೆ ಗ್ರಾಮಫೋನಿಗೆ ಕೊಟ್ಟ ಸಾಕೆಟ್ ಇರ್ತದಲ್ಲ, ಅದಕ್ಕೆ 0.1 ಮೈಕ್ರೋಫ್ಯಾರಡ್ ಮೂಲಕ ಮೊಬೈಲಿನ ಹಾಡು ಕೊಟ್ಟೆ. ಹಾಡೂ ಒಡೀತು. ಅಂದ್ರೆ ಸ್ಟೇಷನ್ ಹಿಡಿಯೋ ಭಾಗ, ಐ.ಎಫ್. (ಹಿಡಿದ ಸಿಗ್ನಲ್ ದೊಡ್ಡದು ಮಾಡೋ ಹಂತ), ಡಿಟೆಕ್ಟರು (ಅದರಿಂದ ದನಿ ಬೇರ್ಪಡಿಸೋದು) ಎಲ್ಲ ಸರಿ, ತೊಂದರೆ ಇಬಿಸಿ81ರಿಂದ ಸ್ಪೀಕರಿನ ನಡುವೆ. ಮೊಬೈಲ್ ಕಟ್ಟೋ ಈ ಉಪಾಯ ಟ್ರಾನ್ಸ್‌ಫಾರ್ಮರ್ ಇರೋ ಎ.ಸಿ. ಸೆಟ್ಟಿಗೆ ಮಾತ್ರ. ಎ.ಸಿ./ಡಿ.ಸಿ. ಎರಡಕ್ಕೂ ಓಡೋ ಸೆಟ್ಟಲ್ಲಿ ಚಾಸಿಗೇ, ಅಂದ್ರೆ ಬಿಡಿಭಾಗ ಕೂರಿಸಿದ ಲೋಹದ ತಟ್ಟೆಗೇ, ಕರೆಂಟ್ ಇರ್ತದೆ, ಅದಕ್ಕೆ ಏನೂ ಹೊರಗಿಂದ ಕಟ್ಟಬೇಡಿ, ಜೀವಕ್ಕೇ ಅಪಾಯ.

ವಾಲ್ವ್ ಸೆಟ್ಟಲ್ಲಿ ಹರಕು ದನಿ ಅಂದ್ರೆ ಎಲ್ಲರೂ ಮೊದಲು ನೋಡೋದು ಇಬಿಸಿ81ರ ಆನೋಡಿಂದ ಇಎಲ್84ರ ಗ್ರಿಡ್ಡಿಗೆ (ಸಿಗ್ನಲ್ ಒಳಹೋಗೋ ಜಾಲರಿ) ಹೋಗೋ 0.01 ಮೈಕ್ರೋಫ್ಯಾರಡ್ ಕಂಡೆನ್ಸರು. ಅದು ಲೀಕ್ ಆದ್ರೆ ಆನೋಡಿನ ಡಿ.ಸಿ. ಗ್ರಿಡ್ಡಿಗೆ ನುಗ್ತದೆ, ವಾಲ್ವು ಮಿತಿಮೀರಿ ಕರೆಂಟ್ ಎಳೀತದೆ, ದನಿ ಒಡೀತದೆ, ಬಿಟ್ರೆ ವಾಲ್ವಿನ ತಗಡೇ ಕೆಂಪಾಗ್ತದೆ. ಪರೀಕ್ಷೆ ಸುಲಭ, ಇಎಲ್84ರ 2ನೇ ಪಿನ್ನಿಂದ ಚಾಸಿಗೆ ಡಿ.ಸಿ. ವೋಲ್ಟೇಜ್ ನೋಡೋದು, ಸೊನ್ನೆ ಇರ್ಬೇಕು. ಭಾನುವಾರ ಮಧ್ಯಾಹ್ನ ಸೆಟ್ಟು ಒಂದು ತಾಸು ಓಡಿದ ಮೇಲೆ ನೋಡ್ದೆ, 0.8 ವೋಲ್ಟ್. ಇಷ್ಟಕ್ಕೆ ಏನಾಗ್ತದೆ ಹೇಳಿ ಬಿಟ್ಟೆ. ನನ್ನ ಮುಖ್ಯ ತಪ್ಪು ಇದೇ. ಅಳತೆ ಮಾಡಿದ ಹೊತ್ತೇ ತಪ್ಪು, ದನಿ ಕೆಟ್ಟಿರೋದು ಬೆಳಿಗ್ಗೆ, ಮೀಟರ್ ಹಿಡಿದದ್ದು ಮಧ್ಯಾಹ್ನ ದನಿ ಸ್ವಚ್ಛ ಇರೋವಾಗ.

ಅಲ್ಲಿಂದ ಮೂರು ವಾರ ಹಾಳು. ಹೊಸ ಕಂಡೆನ್ಸರೇ ಕೆಟ್ಟಿರ್ಬಹುದು ಹೇಳಿ ಇನ್ನೊಂದು ಹಾಕಿದೆ, ಹಚ್ಚಿದೆ, ಚಂದ ಬಂತು. ಮರುದಿನ ಬೆಳಿಗ್ಗೆ ಮತ್ತೆ ಹರಕು. ಬೆಂಗಳೂರು ಎಸ್.ಪಿ. ರೋಡಿಂದ ಸ್ನೇಹಿತನ ಕೈಲಿ ಇಎಲ್84 ತರಿಸಿ ಹಾಕಿದೆ, ಚಂದ ಬಂತು, ಮರುದಿನ ಮತ್ತೆ ಹರಕು. ಇಬಿಸಿ81 ಬದಲಿಸಿದಾಗಲೂ ಹಾಗೇ. ಪ್ರತೀಸಲ ರಿಪೇರಿಗೆ ಮುಂಚೆ ಸೆಟ್ಟು ಓಡಿ ಬಿಸಿಯಾಗಿ ಇರ್ತಿತ್ತು, ಹಾಗಾಗಿ ನಾನು ಏನೇ ಮಾಡಿದ್ರೂ "ಸರಿಯಾಯ್ತು" ಅಂತಲೇ ಕಾಣ್ತಿತ್ತು. ಸರಿಮಾಡ್ತಿದ್ದದ್ದು ನಾನಲ್ಲ, ವಾಲ್ವಿನ ಶಾಖ.

ಒಂದಿನ ಸಂಜೆ ಅಮ್ಮ ಹಪ್ಪಳದ ಡಬ್ಬಿ ಮುಚ್ಚಳ ತೆಗೆದು ನೋಡಿ ಬೇಜಾರಾಗಿ ಹೇಳಿದ್ಲು, "ಇಲ್ಲಿ ಹಪ್ಪಳನೂ ಒಂದೇ ದಿನಕ್ಕೆ ಮೆತ್ತಗಾಗೋಗ್ತು, ಒಲೆ ಹತ್ರ ಇಟ್ರೆ ಮಾತ್ರ ಗರಿಗರಿ." ನಾನು ಅಲ್ಲೇ ನಿಂತೆ. ಕೆಟ್ಟ ಕಂಡೆನ್ಸರೂ ಗ್ಯಾಸ್ ಹಿಡಿದ (ಒಳಗಿನ ನಿರ್ವಾತ ಕೆಟ್ಟ) ವಾಲ್ವೂ ಬಿಸಿಯಾದಷ್ಟು ಹೆಚ್ಚು ಕೆಡ್ತವೆ, ಶುರುವಿಗೆ ಚಂದ ಇದ್ದು ಇಪ್ಪತ್ತು ನಿಮಿಷಕ್ಕೆ ಹರಿಯೋ ದನಿ ಅವುಗಳ ಗುರುತು. ನಮ್ಮ ಸೆಟ್ಟು ಉಲ್ಟಾ, ಬಿಸಿಯಾದ್ರೆ ಸುಧಾರಿಸ್ತದೆ. ಬಿಸಿಗೆ ಒಣಗೋದು ನೀರಿನ ಪಸೆ. ಎಲ್ಲೋ ಒದ್ದೆ ಇದೆ.

ಮರುದಿನ ಬೆಳಿಗ್ಗೆ ಸೆಟ್ಟು ಹಚ್ಚೋಕೆ ಮುಂಚೆನೇ ಮೀಟರಿನ ಕ್ಲಿಪ್ 2ನೇ ಪಿನ್ನಿಗೆ ಸಿಗ್ಸಿ, ಆಮೇಲೆ ಸ್ವಿಚ್ ಹಾಕಿದೆ. ವಾಲ್ವ್ ಕಾಯ್ತಿದ್ದ ಹಾಗೆ ಏರ್ತಾ ಹೋಗಿ 6 ವೋಲ್ಟಿಗೆ ನಿಂತ್ಕೊಳ್ತು. ಕ್ಯಾಥೋಡಲ್ಲಿ (ಇಲ್ಲಿನ ವೋಲ್ಟೇಜ್ ವಾಲ್ವ್ ಎಳೆಯೋ ಕರೆಂಟಿನ ಗುರುತು) 7.5 ಇರಬೇಕಾದ್ದು 11 ಆಗಿತ್ತು. ಆಫ್ ಮಾಡಿ, ಫಿಲ್ಟರ್ ಕಂಡೆನ್ಸರನ್ನ ರೆಸಿಸ್ಟೆನ್ಸ್ ಮೂಲಕ ಖಾಲಿ ಮಾಡಿ, ಆ 0.01ರ ಒಂದು ಕಾಲು ಬಿಡಿಸಿದೆ. ಮತ್ತೆ ಹಚ್ಚಿದೆ, ಈಗ್ಲೂ 6. ಹಾಗಾದ್ರೆ ಕಂಡೆನ್ಸರ್ ಅಲ್ಲ. ಮತ್ತೆ ಆಫ್ ಮಾಡಿ ಇಎಲ್84ನ್ನೇ ಕಿತ್ತು ಬರೀ ಸಾಕೆಟ್ಟಿನ ಮೇಲೆ ನೋಡ್ದೆ, ಕಮ್ಮಿ ಆಗೋದು ಬಿಟ್ಟು 8ಕ್ಕೆ ಏರ್ತು, ಯಾಕಂದ್ರೆ ದೊಡ್ಡ ವಾಲ್ವ್ ಇಲ್ಲದಿದ್ರೆ ಎಚ್.ಟಿ. 220ರಿಂದ 290ಕ್ಕೆ ಹೋಗಿತ್ತು. ವಾಲ್ವೂ ಅಲ್ಲ, ಕಂಡೆನ್ಸರೂ ಅಲ್ಲ, ಇಬ್ಬರೂ ಇಲ್ಲದೇನೇ ವೋಲ್ಟೇಜ್ ಬರ್ತಾ ಇದೆ.

ಉಳಿದದ್ದು ಟ್ಯಾಗ್ ಸ್ಟ್ರಿಪ್, ಬಿಡಿಭಾಗದ ಕಾಲು ಬೆಸೆಯೋ ಲೋಹದ ಟ್ಯಾಗುಗಳ ಸಾಲು. ಕಂದು ಬಣ್ಣದ ಪ್ಯಾಕ್ಸೋಲಿನ್ (ರಾಳ ಹಾಕಿ ಗಟ್ಟಿ ಮಾಡಿದ ಕಾಗದ) ಪಟ್ಟಿ, ಅದರಲ್ಲಿ ಗ್ರಿಡ್ಡಿಂದ ಚಾಸಿಗೆ ಹೋಗೋ 680 ಕೆ ರೆಸಿಸ್ಟೆನ್ಸ್ ಒಂದು ಟ್ಯಾಗಿಗೆ, ಪಕ್ಕದ ಟ್ಯಾಗಿಗೆ ಆ 220 ಕೆ ಯ ಎಚ್.ಟಿ. ಕಡೆ ಕಾಲು. ಮೊದಲು ಎಚ್.ಟಿ. ದೂರದ ಟ್ಯಾಗಿನಲ್ಲಿತ್ತು, ಹೊಸ ರೆಸಿಸ್ಟೆನ್ಸಿನ ಕಾಲು ಗಿಡ್ಡ ಅಂತ ಪಕ್ಕಕ್ಕೆ ತಂದದ್ದು ನಾನೇ. ಹಳೇ ಟ್ಯಾಗಿಗೆ ಸೋಲ್ಡರ್ ಹಿಡೀಲಿಲ್ಲ ಹೇಳಿ ಡಬ್ಬಿ ಪೇಸ್ಟ್ ಸವರಿದ್ದೂ ನಾನೇ. ಆ ಪೇಸ್ಟು ಪಟ್ಟಿ ಮೇಲೆ ಹರಡಿ, ಅಜ್ಜನಮನೆ ಮಸಿಯೊಟ್ಟಿಗೆ ಸೇರಿ, ಕಾರವಾರದ ಉಪ್ಪುಗಾಳಿಯ ಪಸೆ ಕುಡಿದು ಎರಡು ಟ್ಯಾಗಿನ ನಡುವೆ ದಾರಿ ಮಾಡಿತ್ತು. ಶಿರಸಿಯ ಚಳಿಗಾಲದ ಒಣಹವೆಯಲ್ಲಿ ಇದು ಗೊತ್ತೇ ಆಗೋ ಹಾಗಿರಲಿಲ್ಲ.

ಲೆಕ್ಕ ಹಾಕಿ ನೋಡಿ, 220 ವೋಲ್ಟಿಂದ 680 ಕೆ ಮೇಲೆ 6 ವೋಲ್ಟ್ ಬೀಳ್ಬೇಕಂದ್ರೆ ನಡುವೆ ಸುಮಾರು 24 ಮೆಗಾಓಮ್ ಲೀಕ್ ಇದ್ರೆ ಸಾಕು. ನನ್ನ ಮೀಟರ್ ಓಮ್ ಅಳೆಯೋದೇ 20 ಮೆಗಾಓಮಿನವರೆಗೆ. ಸೆಟ್ಟು ಆಫ್ ಇದ್ದಾಗ 680 ಕೆ ಯ ಚಾಸಿ ಕಡೆ ಕಾಲು ಬಿಡಿಸಿ ಎರಡು ಟ್ಯಾಗಿಗೆ ಇಟ್ರೆ ಏನೂ ಇಲ್ಲ ಹೇಳಿ ತೋರಿಸ್ತು! ಹಾಗಾಗಿ ಇಂಥದ್ದನ್ನ ಓಮ್ ರೇಂಜಲ್ಲಿ ಹುಡುಕ್ಬೇಡಿ, ಕರೆಂಟ್ ಇರುವಾಗ ಗ್ರಿಡ್ ವೋಲ್ಟೇಜಲ್ಲೇ ಹುಡುಕಿ. ಒಂದು ಕೈ ಬೆನ್ನ ಹಿಂದೆ, ಕ್ಲಿಪ್ ಸಿಗಿಸೋದು ಆಫ್ ಇದ್ದಾಗ ಮಾತ್ರ.

ಖಾತ್ರಿಗೆ ತಂಗಿಯ ಹೇರ್ ಡ್ರೈಯರ್ ದೂರದಿಂದ ಪಟ್ಟಿಗೆ ಹಿಡಿದೆ. 6, 4, 2, ಕಣ್ಣೆದುರಿಗೇ ಇಳೀತಾ ಬಂತು. ಆರು ವಾರದಲ್ಲಿ ಅಷ್ಟು ಖುಷಿ ಬೇರೆ ಯಾವತ್ತೂ ಆಗಿರ್ಲಿಲ್ಲ.

ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಲ್ಲುಜ್ಜೋ ಬ್ರಶ್ಶಲ್ಲಿ ನಾಕು ಸಲ ತಿಕ್ಕಿದೆ, ಮೂರು ದಿನ ಚಂದ, ನಾಕನೇ ದಿನ ಮತ್ತೆ 2 ವೋಲ್ಟ್. ಪೇಸ್ಟು ಪಟ್ಟಿ ಒಳಗೇ ಇಳಿದಿತ್ತು. ಆಮೇಲೆ ಆ ಪಟ್ಟಿಯನ್ನೇ ಕಿತ್ತು ಹೊಸದು ಹಾಕಿದೆ, ಗ್ರಿಡ್ಡಿನ ಜಾಯಿಂಟು ಸಾಕೆಟ್ಟಿನ ಪಿನ್ನಲ್ಲೇ, ಎಚ್.ಟಿ. ಪಟ್ಟಿಯ ಇನ್ನೊಂದು ತುದಿಗೆ, ನಡುವೆ ಚಾಸಿಗೆ ಸೇರಿದ ಟ್ಯಾಗ್ ಬರೋ ಹಾಗೆ. ಹಾಗಿದ್ರೆ ಏನಾದ್ರೂ ಲೀಕ್ ಆದ್ರೂ ಗ್ರಿಡ್ಡಿಗೆ ಮುಟ್ಟೋ ಮುಂಚೆ ಚಾಸಿಗೆ ಹೋಗ್ತದೆ. ಪೇಸ್ಟ್ ಡಬ್ಬಿ ಈಗ ಪಾತ್ರೆ ತೂತು ಮುಚ್ಚೋಕೆ ಮಾತ್ರ, ರೇಡಿಯೋಕ್ಕೆ ರೋಸಿನ್ ಇರೋ ಸೋಲ್ಡರ್ ಒಂದೇ.

ನಡುವೆ ಒಂದು ಹಮ್ಮಿಂಗೂ ಇತ್ತು, ಅದು ಒಂದು ಸಂಜೆಯ ಕೆಲಸ. ವಾಲ್ಯೂಮ್ ಪೂರ್ತಿ ಇಳಿಸಿದ್ರೆ ಹೋಗ್ತಿತ್ತು, ಅಂದ್ರೆ ಫಿಲ್ಟರ್ ಕಂಡೆನ್ಸರಿನ ತಪ್ಪಲ್ಲ. ದನಿಯೂ ಫಿಲ್ಟರ್ ಕೆಟ್ಟಾಗ ಬರೋ 100 ಹರ್ಟ್ಸಿಂದು ಅಲ್ಲ, ಇನ್ನೂ ದಪ್ಪ, 50ರದ್ದು. ವಾಲ್ಯೂಮ್ ಕಂಟ್ರೋಲಿಗೆ ಬರೋ ಶೀಲ್ಡ್ ವೈರಿನ ಜಾಲರಿ ಚಾಸಿಯಿಂದ ಬಿಟ್ಟುಹೋಗಿತ್ತು, ಹಚ್ಚಿದೆ, ನಿಂತ್ಹೋಯ್ತು. ಹಿಂದಿನ ವೋಲ್ಟೇಜ್ ಪ್ಲಗ್ಗನ್ನೂ 220ರಿಂದ 240ಕ್ಕೆ ಸರಿಸಿದೆ, ನಮ್ಮ ಕಡೆ ರಾತ್ರಿ ಹೊತ್ತು ಲೈನ್ 250 ಮುಟ್ಟೋದಿದೆ, ಹಳೇ ವಾಲ್ವಿಗೆ ಅಷ್ಟು ಬಿಸಿ ಯಾಕೆ.

ಆಗಸ್ಟಿನಲ್ಲಿ ಐದು ದಿನ ಬಿಡದೇ ಮಳೆ ಹೊಡೆದ ಮೇಲೆ, ಬೆಳಿಗ್ಗೆ ಆರೂವರೆಗೆ, ತಣ್ಣಗಿದ್ದ ಸೆಟ್ಟಿಗೆ ಮೀಟರ್ ಕಟ್ಟಿ ಸ್ವಿಚ್ ಹಾಕಿದೆ. ಗ್ರಿಡ್ಡಲ್ಲಿ 0.02. ಅಮ್ಮ ಚಾ ಲೋಟ ಹಿಡ್ಕೊಂಡು ಬಂದು ಕೂತ್ಲು. "ಈಗ ಗಂಟ್ಲು ಬಿಡ್ತು ನೋಡು."